ಜೋಡಿ ನಾಲಗೆ

ಒಹಾಯೊ. ಮಾರ್ಚಿನ ಕೊಳಕು ಹಿಮ ಕಿಟಕಿಗೆ ಒರಗಿತ್ತು.
ಟ್ಯಾಮ್‌ಸಿನ್ ಓಬೋದ ಜೊಂಡುನಾಲಗೆ ಹೆರೆಯುತ್ತಿದ್ದಳು,
ಕೂದಲೆಳೆಯಷ್ಟು; ಊದಿ ನೋಡಿ, ಮತ್ತಷ್ಟು.
ಹದಿನೈದು ದಿನ ಬಾಳಿದರೆ ಅದರ ಪುಣ್ಯ.

ಪಕ್ಕದಲ್ಲಿ ಭೂವಿಜ್ಞಾನದ ತರಗತಿಯ ಸುಣ್ಣಕಲ್ಲು,
ನಲವತ್ತೈದು ಕೋಟಿ ವರ್ಷದಿಂದ
ಮುದುಡಿಕೊಂಡೇ ಇರುವ ಹುಳು ಅದರೊಳಗೆ.
ಕಲ್ಲಿನಡಿ, ಹಾರದಂತೆ, ಅರ್ಜಿ:
ಸಂಗೀತದ ಪದವಿ, ಬಿ.ಎ., ಇಲ್ಲವೇ ಎರಡೂ.
ಎರಡಾದರೆ ಐದು ವರ್ಷ. ಸಾಲವೂ ಒಂದು ವರ್ಷ ಉದ್ದ.

‘ಎರಡು ದೋಣಿಯಲ್ಲಿ ಕಾಲಿಟ್ಟರೆ ಮುಳುಗುತ್ತೀಯೆ,’
ಅಂದೆ, ಮೇಲಿನ ಮಂಚದಿಂದ.

ಅವಳು ನಾಲಗೆಯನ್ನು ದೀಪಕ್ಕೆ ಹಿಡಿದಳು:
‘ಇದೂ ಎರಡು ಸೀಳು, ದಾರದಲ್ಲಿ ಬಿಗಿದದ್ದು.
ಅಂಟಿಸಿಬಿಟ್ಟರೆ ಸದ್ದೇ ಇಲ್ಲ.’
ಇನ್ನೊಮ್ಮೆ ಊದಿದಳು. ಬಾತುಕೋಳಿ.

ನಗುತ್ತಲೇ ಪೆನ್ನು ಹುಡುಕಿದಳು.
ಅರ್ಜಿಯ ಮೇಲೆ ಎಂಜಲ ಹನಿಯೊಂದು
ಯಾವ ಚೌಕಕ್ಕೂ ಸೇರದೆ ಹರಡುತ್ತಿತ್ತು.