ಎಡಗಾಲು

ಬಾ ಧರೆಪ್ಪಾ, ಚಪ್ಪಲಿ ಅಲ್ಲೇ ಹೊರಗ ಬಿಡು.
ಈ ಗಾಡ್ಯಾಗ ಕುಂದರಾಕ ಜಾಗಾ ಇಲ್ಲ,
ನಿಂತ ನಡಸೂದು,
ಅದೂ ಅಡ್ಡ ನಿಂತು, ಜತ್ತದ ಬಸ್ಸಿನ ಬಾಗಲದಾಗ
ಕಂಡಕ್ಟರ್ ನಿಂತಂಗ.
ಒಂದ ಹೆಗಲು ಮುಂದ, ಒಂದ ಹೆಗಲು ಹಿಂದ.

ಗ್ವಾಡಿ ಮ್ಯಾಲಿನ ಬೋರ್ಡ್ ಓದಿದಿ?
ಮರಾಠ್ಯಾಗ ಹದಿನೆಂಟು ಸಾಲು, ಕೆಳಗ ಹಿಂದ್ಯಾಗ ಅಷ್ಟ.
ಓದು, ಸಹಿ ಮಾಡು, ಸಾಹೇಬರಿಗೆ ಅದು ಬೇಕು.
ಆದರ ಗಾಡಿ ವಾಲೂ ಹೊತ್ತಿನ್ಯಾಗ
ಕಾಲಿಗೆ ನೆನಪಾಗೂದು ಅವ್ವ ಬೈದ ಭಾಷೆ ಒಂದ.
ಅದಕ್ಕ ನಾ ಸಂಖದ ಕನ್ನಡದಾಗ ಹೇಳತೀನಿ,
ನೀ ಉಮದಿಯ ಕಿವೀಲೆ ಕೇಳು.

ಎಡಗಾಲ ಕೆಳಗ ಪೆಡಲ್ ಐತಿ.
ಒತ್ತಿದರ ಓಡತೈತಿ, ಎತ್ತಿದರ ನಿಂದರತೈತಿ.
ಫಟಫಟಿ ಕಲ್ತ ಕಾಲಿಗೆ ಇದು ಉಲ್ಟಾ.
ಹೆದರಿದಾಗ ಒತ್ತಬ್ಯಾಡ, ಎತ್ತು.
ಎತ್ತು ಅಂದ್ರ
ಹೊರಗ ಚಾಚು ಅಂತ ಅಲ್ಲ.

ಇಲ್ಲಿ ನಾಲ್ಕು ಡಿಗ್ರಿ, ಬಾಗಲಾಚೆ ನಲವತ್ತೆರಡು.
ಪ್ಲಾಸ್ಟಿಕ್ ಪರದೆ ಸರಿಸಿದಾಗೊಮ್ಮೆ ಎರಡೂ ಗಾಳಿ ಕೂಡಿ
ಹೊಸ್ತಿಲ ಮ್ಯಾಲ ನೀರಾಗತಾವು.
ಕಣ್ಣಿಗೆ ಕಾಣಾಂಗಿಲ್ಲ ಅದು, ಗಾಲಿಗೆ ಕಾಣತೈತಿ.
ಅಲ್ಲಿ ಮೆಲ್ಲಕ. ತುದಿ ನೆಲದಿಂದ ಒಂದ ಗೇಣಿನೊಳಗ.
ಎತ್ತಿ ಹಿಡಕೊಂಡ ಮೆರವಣಿಗಿ ಮಾಡಾಕ
ಬೇದಾಣೆ ಪೆಟಗಿ ಏನು ಪಂಜಾ ಅಲ್ಲ.

ತಿರುವಿಗೊಮ್ಮೆ ಹಾರ್ನ್.
ಆದರ ಹಾರ್ನ್ ನಂಬಬ್ಯಾಡ.
ಪೆಟಗಿ ಎಣಿಸೂ ಹೆಣ್ಣಮಕ್ಕಳು ಥಂಡಿಗೆ
ಸೆರಗು ಕಿವಿ ಮುಚ್ಚಿ ಸುತಗೊಂಡಿರತಾರ.
ಅವರ ಕಣ್ಣು ನಿನ್ನ ಕಣ್ಣು ಸೇರೂತನಕ ನಿಂದರು.
ಪಾರವ್ವ ನಕ್ಕರ ಹೋಗು.
ಆಕಿ ನಗೂದು ಕಡಿಮಿ, ಆದರೂ ಕಾಯಿ.

ಹಿಂದಕ ಹೋಗೂವಾಗ ಹಿಂದಕ ನೋಡು.
ರ್ಯಾಕಿನ ಅಡ್ಡಪಟ್ಟಿ ನಿನ್ನ ಎದೀ ಎತ್ತರಕ್ಕ ಐತಿ.
ಗಾಡಿ ಅದರ ಕೆಳಗ ಹಾಯತೈತಿ,
ನೀ ಹಾಯಾಂಗಿಲ್ಲ.

ಅಂಗಳದಾಗ ಕುಂತು ನಡಸೂ ದೊಡ್ಡ ಗಾಡಿ ಬಿದ್ದರ
ಪಟ್ಟಿ ಕಟಗೊಂಡ ಗಟ್ಟಿ ಹಿಡದು ಕುಂದರಬೇಕು ಅಂತಾರ.
ಇದು ಹಂಗಲ್ಲ. ಬೆನ್ನಿನ ಕಡೆ ತೆರದ ಐತಿ,
ಹಿಂದಕ ಇಳದ ಬಿಡು.
ಪೆಟಗಿ ಒಡೀಲಿ, ದ್ರಾಕ್ಷಿ ಚೆಲ್ಲಲಿ,
ಸಾಹೇಬ ಏನ ಅಂತಾನ ಅಂತ ಆಮ್ಯಾಲ ಯೋಚನಿ ಮಾಡು.
ಗಾಡಿ ಹಿಡದು ಎತ್ತತೀನಿ ಅನ್ನೂ ಗಂಡಸ್ತನ
ತಾಸಗಾವದ ದವಾಖಾನಿಯೊಳಗ ನಡಿಯಾಂಗಿಲ್ಲ.

ನಗಬ್ಯಾಡ.
ಚಾರ್ಜರ್ ಮ್ಯಾಲಿನ ಫಳಿ ನೋಡು, ಮೂರ ಬೂಟು.
ಮೂರೂ ಎಡಗಾಲಿಂದು, ಮೂರೂ ಹೊಸಾವು.
ಮೀರಾಸಾಬ ತಾಂಬೋಳಿದು.
ಹನ್ನೆರಡು ವರ್ಷ ನಡಸಿದ, ನನಗ ಕಲಿಸಿದವ ಅವನ.
ಒಂದ ದಿನ, ಒಂದ ಸಲ,
ಗಾಡಿ ಜಾರಿದಾಗ ಕಂಬ ತಡಿಯಾಕ ಕಾಲ ಚಾಚಿದ.
ಮೂರು ಟನ್ ಗಾಡಿ ಅದು.
ಅದಕ್ಕ ಮರದ ಹಲಗಿನೂ ಒಂದ, ಮನಷ್ಯಾನ ಎಲಬೂ ಒಂದ.

ಈಗ ಬೂಟ ಕೊಳ್ಳಾಕ ಹೋದರ
ಅಂಗಡ್ಯಾಂವ ಜೋಡಿ ಮುರಿಯಾಂಗಿಲ್ಲ ಅಂತಾನ.
ಪೂರಾ ರೊಕ್ಕಾ ಕೊಟ್ಟು ತರತಾನ,
ಬಲಗಾಲಿಂದು ಸವಿಸತಾನ,
ಎಡಗಾಲಿಂದು ಇಲ್ಲಿ ತಂದ ಇಡತಾನ.
ಒಗಿ ಅಂದ್ರ ಒಗಿಯಾಂಗಿಲ್ಲ.

ನಿನ್ನ ಅಳತಿ ಎಂಟ ಹೌದಲ್ಲ?
ಕಂಪನಿ ಬೂಟ ಕೊಡಾಕ ಇನ್ನ ಮೂರ ತಿಂಗಳ ಐತಿ.
ಎಡಗಾಲಿಗೆ ಅವಂದು ಹಾಕ್ಕೋ, ಅವ ಹೇಳ್ಯಾನ.
ಬಲಗಾಲಿಗೆ ನನ್ನ ಹಳೇದು, ವಾರಿಗಿ ಆಗಾಂಗಿಲ್ಲ,
ಮುಂದ ಚಿಂದಿ ತುರಕು.

ಹತ್ತು ಈಗ.
ಕಾಲ ಎಲ್ಲಿ ಐತಿ?
ಒಳಗ ಅಂತ ಮೆಲ್ಲಕ ಅನಬ್ಯಾಡ, ಒದರು.
ಗೇಟಿನಾಗ ಕುಂತು ಪಾವತಿ ಬರೀತಾನಲ್ಲ ಮೀರಾಸಾಬ,
ಅವ ನಿನ್ನ ಮಾರಿ ನೋಡಾಂಗಿಲ್ಲ,
ಹೆಸರೂ ಕೇಳಾಂಗಿಲ್ಲ.
ಪರದೆ ಸರದಾಗೊಮ್ಮೆ ಪೆನ್ನ ನಿಲ್ಲಿಸಿ
ನಿನ್ನ ಎಡಗಾಲ ನೋಡತಾನ.