ಎರಡು ಬೆರಳು ಲೂಸು

ಯೂನಿಫಾರ್ಮಿನ ಲಂಗಕ್ಕೆ ಕೆಳಗೆ ಮೂರಿಂಚು ಮಡಿಕೆ,
ಚಡ್ಡಿಯ ಸೊಂಟದಲ್ಲಿ ಒಂದೂವರೆ.
"ಬೆಳೆಯುವ ಮಗು, ಒಳಗೆ ಬಟ್ಟೆ ಬಿಡಿ ವಾಮನಣ್ಣ"
ಎಂದು ಯಾರೂ ನನಗೆ ಹೇಳಬೇಕಾಗಿಲ್ಲ.
ಕಟಪಾಡಿ ಪೇಟೆಯಲ್ಲಿ ಮೂವತ್ತೊಂದು ವರ್ಷ
ಬರುವ ವರ್ಷದ ಮಕ್ಕಳನ್ನು
ಈ ವರ್ಷದ ಬಟ್ಟೆಯೊಳಗೆ ಮಡಚಿಟ್ಟವ ನಾನು.

ಬಟನ್ ಬಂದದ್ದು ದೀಪಾವಳಿ ಕಳೆದು,
ಮೀನು ಮಾರ್ಕೆಟಿನ ಹಿಂದಿನಿಂದ, ಒಂದು ಅಂಗೈಯಲ್ಲಿ.
ಬಿಳಿ ಮೈ, ಹಣೆಯಲ್ಲಿ ಕಪ್ಪು ಚುಕ್ಕೆ.
ಹೆಸರಿಟ್ಟದ್ದು ಕಾಜ ಹೊಲಿಯುವ ಸುಗಂಧಿ.
ಉಡುಪಿಯಿಂದ ಕೆಂಪು ಪಟ್ಟಿ ತಂದೆ,
ಅದಕ್ಕೊಂದು ಗೆಜ್ಜೆ ಬೇರೆ.
ಮೂರನೇ ತೂತಿಗೆ ಹಾಕಿದೆ. ಸರಿಯಾಗಿ ಕೂತಿತು.
ಸರಿಯಾಗಿ ಕೂತರೆ ಸಾಕು,
ಟೈಲರನಿಗೆ ಮತ್ತೆಂತ ಬೇಕು ಮಾರಾಯ್ರೆ.

ತಪ್ಪು ಇದೊಂದೇ ಅಲ್ಲ.
ಗಿರಾಕಿಯ ರವಿಕೆ ಕಚ್ಚಿ ಎಳೆಯಿತೆಂದು
ಮರದ ಸ್ಕೇಲಿನಲ್ಲಿ ಹೊಡೆದಿದ್ದೇನೆ.
ಸ್ಕೇಲು ಈಗಲೂ ಅದೇ, ಅದರಲ್ಲೇ ಗೆರೆ ಹಾಕುತ್ತೇನೆ.
ನೆಂಟರ ಮದುವೆಗೆಂದು ಎರಡು ರಾತ್ರಿ
ಶಟರಿನ ಒಳಗೆ ಬಿಟ್ಟು ಹೋಗಿದ್ದೆ,
ಒಂದು ಬಕೆಟು ನೀರು, ಆರು ಬನ್ಸು ಇಟ್ಟು.
ಬಂದು ನೋಡಿದರೆ ಬನ್ಸು ಆರೂ ಹಾಗೇ ಇತ್ತು.
ಇದೆಲ್ಲ ಹೇಳಿದರೆ ಜನ "ಹೋಗ್ಲಿ ಬಿಡಿ" ಎನ್ನುತ್ತಾರೆ.
ಹೇಳದೆ ಇಟ್ಟದ್ದು ಬೇರೆ ಉಂಟು.

ಆ ಮೇ ತಿಂಗಳು ನೂರ ನಲವತ್ತು ಜೊತೆ ಆರ್ಡರು.
ಬಟನ್ ಪೆಡಲಿನ ಬಳಿ ಮಲಗುತ್ತಿತ್ತು.
ಉದ್ದ ಆಯಿತು, ಎತ್ತರ ಆಯಿತು,
ಕುತ್ತಿಗೆಯ ಕೂದಲು ದಟ್ಟ ಆಯಿತು,
ಗೆಜ್ಜೆಯ ಸದ್ದು ಮಾತ್ರ ನಿಂತಿತು.
ನಿಂತದ್ದು ಒಳ್ಳೆಯದೇ ಆಯಿತು ಎಂದುಕೊಂಡೆ,
ಕೆಲಸದ ಗಡಿಬಿಡಿಯಲ್ಲಿ.

ವಾಸನೆ ಬಂತು. ಒಣಮೀನು ಕದ್ದು ತಂದಿದೆ ಎಂದೆ,
ಫಿನಾಯಿಲು ಹಾಕಿ ನೆಲ ಒರೆಸಿದೆ.
ತಲೆ ಕೊಡವಿದರೆ ಗದರಿದೆ, ತುರಿಸಿಕೊಂಡರೆ ಗದರಿದೆ,
ಅನ್ನ ಬಿಟ್ಟಾಗ, ಕೊಬ್ಬು ಎಂದೆ.

ಜೂನ್ ಎಂಟು. ಮಳೆ ಹಿಡಿದಿತ್ತು.
ಪಾಂಗಾಳದ ಜೋಯ್ಲಿನ್, ಎಂಟನೇ ಕ್ಲಾಸು,
ಅಳತೆಗೆಂದು ಬಂದವಳು
ಕೈ ಚಾಚಿ ನಿಲ್ಲುವ ಬದಲು
ಕುಕ್ಕರಗಾಲಲ್ಲಿ ಕೂತು ನಾಯಿಯ ಕೂದಲು ಸರಿಸಿದಳು.
"ಅಣ್ಣ, ಇದರ ಪಟ್ಟಿ ಎಲ್ಲುಂಟು?"

ಇತ್ತು. ಮಾಂಸದ ಒಳಗೆ ಇತ್ತು.
ಹುಳ ಇತ್ತು ಎನ್ನಲು ಬಾಯಿ ಬರುವುದಿಲ್ಲ. ಇತ್ತು.

ದನದ ಡಾಕ್ಟ್ರು ಬರುವಾಗ ಸಂಜೆ ಆದೀತು ಎಂದರು.
ಕಾಗದಕ್ಕೂ ತಾಗಿಸದ ನನ್ನ ಕತ್ತರಿ ತೆಗೆದೆ.
ಸುಗಂಧಿ ಬಾಯಿ ಹಿಡಿದಳು,
ನಾನು ತುದಿ ತೂರಿಸಿದೆ,
ರೇಷ್ಮೆಗೂ ಹಾಗೆ ಕೈ ನಡುಗಿದ್ದಿಲ್ಲ.
ಕಟ್ ಎಂದಿತು. ಗೆಜ್ಜೆ ನೆಲಕ್ಕೆ ಬಿದ್ದು
ಎರಡು ತಿಂಗಳ ಮೇಲೆ ಒಮ್ಮೆ ಕಿಣಿ ಎಂದಿತು.
ಬಟನ್ ನನ್ನ ಕೈ ನೆಕ್ಕಿತು.
ಕಚ್ಚಬಹುದಿತ್ತು.
ಕಚ್ಚಿದ್ದರೆ ಒಳ್ಳೆಯದಿತ್ತು.

ಗಾಯ ಮಾಗಿದ ಮೇಲೆ ಟೇಪು ಹಿಡಿದೆ, ಮೊದಲ ಸಲ.
ಅಳತೆ ಪುಸ್ತಕದಲ್ಲಿ ಜೋಯ್ಲಿನಳ ಕೆಳಗೆ ಈಗಲೂ ಉಂಟು:
ಬಟನ್, ಕುತ್ತಿಗೆ ಹದಿಮೂರೂವರೆ.
ಕೊಡುವ ತಾರೀಕು ಎಂಬಲ್ಲಿ ಎಂತ ಬರೆಯುವುದು?

ಮತ್ತೆ ಒಂಬತ್ತು ವರ್ಷ ಇತ್ತು, ಪಟ್ಟಿ ಇಲ್ಲದೆ.
ಕುತ್ತಿಗೆಯ ಸುತ್ತ ಬೆರಳಗಲ ಕೂದಲು ಹುಟ್ಟಲೇ ಇಲ್ಲ.
"ಮಾಲೆ ಹಾಕಿದ ಹಾಗೆ ಚಂದ ಉಂಟು" ಎನ್ನುತ್ತಿದ್ದರು ಹೊಸ ಗಿರಾಕಿಗಳು.
ಹೌದು ಎನ್ನುತ್ತಿದ್ದೆ, ಹಲ್ಲಲ್ಲಿ ದಾರ ಕಡಿಯುತ್ತ.

ಹತ್ತನೆಯದಕ್ಕೆ ಜೋಯ್ಲಿನ್ ಅದೇ ಲಂಗ ತಂದಳು, ಉದ್ದ ಮಾಡಲು.
ಬಿಚ್ಚಿದೆ. ಮೂರಿಂಚು ಹೊಸ ನೀಲಿ ಹೊರಗೆ ಬಂತು.
ಹಳೆಯ ಮಡಿಕೆಯ ಗೆರೆ ಮಾತ್ರ
ಎಷ್ಟು ನೀರು ಚಿಮುಕಿಸಿ ಇಸ್ತ್ರಿ ಒತ್ತಿದರೂ ಹೋಗಲಿಲ್ಲ.
"ಇರಲಿ ಅಣ್ಣ, ಬೆಳೆದದ್ದು ಗೊತ್ತಾಗ್ತದೆ" ಎಂದಳು.
ನಾನು ಪೆಡಲಿನ ಕಡೆ ನೋಡಲಿಲ್ಲ.

ಈಗ ಪಟ್ಟಿ ಕಟ್ಟಿದ ಯಾವ ನಾಯಿ ಕಂಡರೂ,
ಹೈವೇ ಬದಿ ನಿಂತ ಕಾರಿನದ್ದಾದರೂ ಸರಿ, ಕೇಳದೆಯೇ
ಎರಡು ಬೆರಳು ತೂರಿಸಿ ನೋಡುತ್ತೇನೆ.
ಬೈದವರುಂಟು. ಹುಚ್ಚು ಎಂದವರುಂಟು.
ಕಳೆದ ವಾರ ಒಂದು ಕಚ್ಚಿಯೇ ಬಿಟ್ಟಿತು.
ಇಂಜೆಕ್ಷನಿಗೆ ಕಾಪುವಿಗೆ ನಾಲ್ಕು ಸಲ ಬಸ್ಸು.
ಪಟ್ಟಿ ಸರಿ ಇತ್ತು ಅದರದ್ದು.
ಎರಡು ಬೆರಳು ಸಲೀಸಾಗಿ ಹೋಯಿತು.