ಎಷ್ಟು ಕಿಲೋ

ಉದ್ಯಮಬಾಗದ ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ
ಕಬ್ಬಿಣ ಹೊಯ್ದ ಅಪ್ಪ ಕೇಳುತ್ತಾನೆ:
‘ನಿಂದು ದಿನಕ್ಕ ಎಷ್ಟು ಕಿಲೋ ಮಾಲು?’

ಕಿಲೋ ಇಲ್ಲಪ್ಪ. ಒಂದು ಚಿಟಿಕೆ ಹಳದಿ ಪುಡಿ,
ಅದರ ಮೇಲೆ ಪ್ಲಾಟಿನಂ,
ಬಿಡಿಬಿಡಿ ಪರಮಾಣು,
ಒಂದರ ಮೈ ಒಂದಕ್ಕೆ ತಾಗದಂತೆ.

ಕಷ್ಟ ಅಲ್ಲೇ. ಕಾವು ಏರಿತೋ
ಎದ್ದು ನಡೆಯುತ್ತವೆ, ಒಂದನ್ನೊಂದು ಹುಡುಕಿ
ಗಡ್ಡೆಗಟ್ಟುತ್ತವೆ.
ಗಡ್ಡೆಯ ಒಳಗೆ ಸಿಕ್ಕವಕ್ಕೆ ಕೆಲಸವಿಲ್ಲ.
ಎರಡು ಮಳೆಗಾಲ ಹೀಗೇ ಹೋಯಿತು.

ಬಸಿಯಲ್ಲಿ ಚಹಾ ಆರಿಸುತ್ತ ಅಪ್ಪ:
‘ಬರೇ ಮರಳಿನಾಗ ಅಚ್ಚು ನಿಲ್ತದೇನು?
ಒಂದು ಹಿಡಿ ಜೇಡಿ, ಒಂದೀಟು ಕಾಕಂಬಿ,
ಬ್ಯಾರೆ ಏನರೆ ಕಲಸಬೇಕವ್ವಾ.’

ಕಲಸಿದ್ದೇ ಅದು. ಸೀರಿಯಂ ಆಕ್ಸೈಡಿನ ಸಾಲಿನಲ್ಲಿ
ನೂರಕ್ಕೆ ಐದು ಲ್ಯಾಂಥನಂ.
ಲೆಕ್ಕ ಸರಿಹೋಗದೆ ಅಲ್ಲೊಂದು ಇಲ್ಲೊಂದು
ಆಕ್ಸಿಜನ್ ಎದ್ದು ಹೋಗುತ್ತದೆ.
ಆ ಖಾಲಿ ಜಾಗದಲ್ಲಿ ಪ್ಲಾಟಿನಂ,
ಖಾನಾಪುರದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು
ಸೀಟು ಹಿಡಿದವರ ಹಾಗೆ,
ಏಳು ಅಂದರೂ ಏಳುವುದಿಲ್ಲ.

ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಬೂದು ಬಯಲು, ಮಸುಕು ಚುಕ್ಕೆ.
ಸುಟ್ಟು ಗಂಟಾದ ಬೆರಳಿಂದ ಹಿಗ್ಗಿಸಿ ನೋಡಿದ:
‘ಒಂದ ಒಂದು ಕುಂತು ಏನ ಮಾಡ್ತದ?’

ಹೊಗೆಯ ವಿಷಗಾಳಿಯನ್ನು ತಡೆದು
ಪಕ್ಕದ ಆಕ್ಸಿಜನ್ ಅದರ ಕೈಗಿಟ್ಟು ಕಳಿಸುತ್ತದೆ.
ಮತ್ತೆ ಇನ್ನೊಂದನ್ನು.

ಅಪ್ಪ ಬಸಿ ಕೆಳಗಿಟ್ಟ.
‘ವಾಸನಿ ಇರೂದಿಲ್ಲ ನೋಡು, ಆ ಗಾಳಿನ?’
ಹೌದು, ಅದೇ.
‘ಸಾತೇರಿ, ಕುಲುಮಿ ಬಾಜೂಕ ಬಿದ್ದಿದ್ದ.
ನಾವು ನಿದ್ದಿ ಹತ್ತೇದ ಅಂದ್ಕೊಂಡ್ವಿ.’

ಆಮೇಲೆ ಕಿಲೋ ಕೇಳಲಿಲ್ಲ.
ಮೊಬೈಲನ್ನೂ ಕೊಡಲಿಲ್ಲ.
ಕನ್ನಡಕ ಏರಿಸಿ
ಚುಕ್ಕೆ ಎಣಿಸುತ್ತಿದ್ದ.